ಒಂದು ಬೆಂಚ್, ಕಾಯುವವರು ಮೂವರು: ಜಿಮ್ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಜನ ಹೆಚ್ಚಿರುವ ಹೊತ್ತಿನಲ್ಲಿ, ಮಲಗಿ ಬಾರ್ ಎತ್ತುವ ಬೆಂಚ್ ಪ್ರೆಸ್‌ಗೆ ಕಾದು ಸಾಕಾಗುತ್ತದೆ. ಒಬ್ಬರು ಹಿಡಿದರೆ ಅರ್ಧ ಗಂಟೆ ಬಿಡುವುದಿಲ್ಲ. ನಡುನಡುವೆ ನಾನೂ ಒಂದೊಂದು ಸೆಟ್ (ಬಿಡದೆ ಮಾಡುವ ಒಂದು ಸುತ್ತು) ಮಾಡಲೇ ಎಂದು ಕೇಳಬಹುದೇ? ಅವರ ವ್ಯಾಯಾಮಕ್ಕೆ ಅಡ್ಡಿಯಾಗುವುದಿಲ್ಲವೇ?

ಉತ್ತರ: ಧಾರಾಳವಾಗಿ ಕೇಳಿ. ಸೆಟ್ ನಡೆಯುವಷ್ಟು ಹೊತ್ತು ಬೆಂಚ್ ಅವರದು, ವಿಶ್ರಾಂತಿಯ ಹೊತ್ತಿನಲ್ಲಿ ಅದು ಎಲ್ಲರದು. ಲೆಕ್ಕ ಹಾಕಿ ನೋಡಿ. ಒಂದು ಸಲ ಎತ್ತಿಳಿಸಿದರೆ ಒಂದು ರೆಪ್. ಎಂಟು-ಹತ್ತು ರೆಪ್‌ಗಳ ಒಂದು ಸೆಟ್‌ಗೆ ಸುಮಾರು 40 ಸೆಕೆಂಡು ಸಾಕು. ಸ್ನಾಯು ಬೆಳೆಸಲು ಮಾಡುವವರು ಸೆಟ್‌ಗಳ ನಡುವೆ ಒಂದೂವರೆ, ಎರಡು ನಿಮಿಷ ಸುಧಾರಿಸಿಕೊಳ್ಳುತ್ತಾರೆ. ತೀರಾ ಭಾರ ಎತ್ತುವವರಿಗೆ ಮೂರರಿಂದ ಐದು ನಿಮಿಷ ಬೇಕು. ನೀವು ಸೇರಿಕೊಂಡಿರಿ ಎನ್ನೋಣ. ಬಾರ್‌ನ ತುದಿಗೆ ಹಾಕುವ ತೂಕದ ಬಿಲ್ಲೆ, ಅಂದರೆ ಪ್ಲೇಟ್, ಬದಲಿಸಲು 30 ಸೆಕೆಂಡು, ನಿಮ್ಮ ಸೆಟ್‌ಗೆ 40, ಮತ್ತೆ ಬದಲಿಸಲು 30. ಅವರಿಗೆ ಸಿಕ್ಕ ವಿಶ್ರಾಂತಿ ಒಂದು ನಿಮಿಷ 40 ಸೆಕೆಂಡು, ಅಂದರೆ ಹೇಗೂ ಬೇಕಾಗಿದ್ದಷ್ಟೇ. ಮೂವರಾದರೆ ಮೂರು ನಿಮಿಷದ ಹತ್ತಿರ ಬರುತ್ತದೆ, ಅದೂ ನಡೆಯುತ್ತದೆ. ನಾಲ್ಕನೆಯವರು ಸೇರಿದರೆ ಮಾತ್ರ ಮೈ ತಣ್ಣಗಾಗುವಷ್ಟು ಕಾಯಬೇಕಾಗುತ್ತದೆ.

ಕೇಳುವ ಹೊತ್ತು ಮುಖ್ಯ. ಬಾರ್ ಕೈಯಲ್ಲಿರುವಾಗ ಮಾತಾಡಿಸಬೇಡಿ, ತಲೆಯ ಬಳಿ ನಿಲ್ಲಲೂ ಬೇಡಿ. ಬಾರ್ ಕಂಬದ ಕೊಕ್ಕೆಗೆ ಕೂತ ಮೇಲೆ, ಅವರಿಗೆ ಕಾಣುವಂತೆ ಎದುರು ಬಂದು, "ಇನ್ನೆಷ್ಟು ಸೆಟ್ ಇದೆ? ನಡುವೆ ನಾನೂ ಮಾಡಬಹುದಾ?" ಎಂದರೆ ಸಾಕು. ಒಂದೇ ಸೆಟ್ ಉಳಿದಿದ್ದರೆ ಕಾಯುವುದೇ ಮೇಲು.

ಇಬ್ಬರ ತೂಕ ಬೇರೆಯಿದ್ದರೆ ಪ್ಲೇಟ್ ಹಾಕುವುದರಲ್ಲಿ ಸ್ವಲ್ಪ ಜಾಣತನ ಬೇಕು. ಅವರದು 60 ಕೆ.ಜಿ., ನಿಮ್ಮದು 40 ಕೆ.ಜಿ. ಎಂದುಕೊಳ್ಳಿ. ಬಾರ್‌ನ ತೂಕವೇ 20. ಪ್ರತಿ ಬದಿಗೆ 20ರ ಒಂದೇ ಪ್ಲೇಟ್ ಹಾಕಿದರೆ ನಿಮ್ಮ ಸರದಿ ಬಂದಾಗಲೆಲ್ಲ ಅದನ್ನು ತೆಗೆದು 10ರದನ್ನು ಹಾಕಬೇಕು. ಬದಲಿಗೆ ಬದಿಗೆ 10ರ ಎರಡು ಪ್ಲೇಟ್ ಹಾಕಿ. ಒಳಗಿನದು ಇಬ್ಬರಿಗೂ ಸಾಮಾನ್ಯ, ಹೊರಗಿನದನ್ನಷ್ಟೇ ತೆಗೆದು ಹಾಕಿದರಾಯಿತು. ಬದಲಿಸುವ ಕೆಲಸಕ್ಕೆ ಇಬ್ಬರೂ ಕೈ ಹಾಕಬೇಕು, ಆ ಬದಿ ಒಬ್ಬರು, ಈ ಬದಿ ಒಬ್ಬರು.

ಬಾರ್ ಹೆಗಲ ಮೇಲೆ ಹೊತ್ತು ಕೂತು ಏಳುವ ಸ್ಕ್ವಾಟ್ ರ‍್ಯಾಕ್‌ನಲ್ಲಿ ಮಾತ್ರ ಎತ್ತರ ನೋಡಿಕೊಂಡು ಸೇರಿಕೊಳ್ಳಿ. ಬಾರ್ ನಿಮ್ಮ ಎದೆಯ ನಡುಮಟ್ಟದಿಂದ ಕಂಕುಳಿನ ಕೆಳಗಿನವರೆಗಿನ ಎತ್ತರದಲ್ಲಿರಬೇಕು. ಒಬ್ಬರು ತುಂಬ ಎತ್ತರ, ಇನ್ನೊಬ್ಬರು ಗಿಡ್ಡ ಆಗಿದ್ದರೆ ಪ್ರತಿ ಸಲವೂ ಕೊಕ್ಕೆ ಇಳಿಸಿ ಏರಿಸಬೇಕು. ತೂಕ ಹೇರಿದ ಬಾರ್ ಮೇಲಿರುವಾಗ ಅದನ್ನು ಮಾಡುವುದು ಅಪಾಯ. ಅಂಥ ಜೋಡಿ ಸರದಿಯಲ್ಲಿ ಕಾಯುವುದೇ ಸರಿ.

ಪ್ರಶ್ನೆ: ಬಳಸಿದ ಮೇಲೆ ಪ್ಲೇಟ್ ತೆಗೆದಿಡಲು ಹೋದೆ. ಒಂದು ಬದಿಯದನ್ನು ಪೂರ್ತಿ ತೆಗೆಯುತ್ತಿದ್ದಂತೆ ಬಾರ್ ಗಿರಕ್ಕನೆ ಮೇಲೆದ್ದು ಇನ್ನೊಂದು ಬದಿಗೆ ಬಿತ್ತು. ಪಕ್ಕದವರು ಸ್ವಲ್ಪದರಲ್ಲಿ ಪಾರಾದರು. ಯಾಕೆ ಹೀಗಾಯಿತು?

ಉತ್ತರ: ಬಾರ್ ನಿಂತಿರುವುದು ಎರಡು ಕೊಕ್ಕೆಗಳ ಮೇಲೆ, ಪ್ಲೇಟ್‌ಗಳಿರುವುದು ಆ ಕೊಕ್ಕೆಗಳಿಂದಾಚೆ. ಒಂದು ಬದಿ ಖಾಲಿಯಾದರೆ ಇನ್ನೊಂದು ಬದಿಯ ಭಾರವನ್ನು ತಡೆಯಲು ಉಳಿಯುವುದು ಬಾರ್‌ನ 20 ಕೆ.ಜಿ. ಮಾತ್ರ. ಅಗಲದ ರ‍್ಯಾಕ್‌ನಲ್ಲಿ ಒಂದೇ ಬದಿಗೆ 20ರ ಎರಡು ಪ್ಲೇಟ್ ಇದ್ದರೂ ಬಾರ್ ನಿಲ್ಲಬಹುದು, ಮೂರು ಇದ್ದರೆ ಮಗುಚುತ್ತದೆ. ಕಂಬಗಳು ಹತ್ತಿರ ಹತ್ತಿರವಿರುವ ಬೆಂಚ್‌ನಲ್ಲಿ ಎರಡಕ್ಕೇ ಮಗುಚಬಹುದು. 15 ಕೆ.ಜಿ.ಯ ಬಾರ್ ಆದರೆ ಇನ್ನೂ ಬೇಗ. ಹಾಗಾಗಿ ಹಾಕುವಾಗಲೂ ತೆಗೆಯುವಾಗಲೂ ಎರಡು ಬದಿಗಳ ನಡುವಿನ ವ್ಯತ್ಯಾಸ 20ರ ಒಂದು ಪ್ಲೇಟ್ ಮೀರಬಾರದು. ಈ ಬದಿ ಒಂದು ತೆಗೆದರೆ, ಆ ಬದಿಗೆ ಹೋಗಿ ಒಂದು ತೆಗೆಯಿರಿ. ಬೇರೆಯವರು ಬಿಟ್ಟುಹೋದ ಬಾರ್ ಇಳಿಸುವಾಗ ಇದು ಇನ್ನೂ ಮುಖ್ಯ, ಯಾವ ಬದಿಗೆ ಎಷ್ಟು ಉಳಿದಿದೆ ಎಂದು ಮೊದಲು ನೋಡಿ.

ತೆಗೆದ ಪ್ಲೇಟ್‌ಗಳನ್ನು ತೂಕಕ್ಕೆ ತಕ್ಕ ಗೂಟಕ್ಕೇ ಹಾಕಿ. 5ರ ಹಿಂದೆ 20 ಸೇರಿದರೆ ಮುಂದಿನವರು ನಾಲ್ಕು ಪ್ಲೇಟ್ ಇಳಿಸಿ ತಮ್ಮದನ್ನು ಹುಡುಕಬೇಕು.

ಪ್ರಶ್ನೆ: ಬೆವರು ಒರೆಸಲು ನಮ್ಮಲ್ಲಿ ಸ್ಪ್ರೇ ಇಟ್ಟಿದ್ದಾರೆ. ಎಲ್ಲದಕ್ಕೂ ಅದನ್ನೇ ಹೊಡೆಯಬಹುದೇ?

ಉತ್ತರ: ಬೇಡ. ಟ್ರೆಡ್‌ಮಿಲ್, ಸೈಕಲ್‌ಗಳ ಪರದೆ ಮತ್ತು ಗುಂಡಿಗಳಿಗೆ ನೇರವಾಗಿ ಹೊಡೆದರೆ ದ್ರವ ಸಂದಿಯಲ್ಲಿ ಇಳಿದು ಒಳಗಿನ ಬೋರ್ಡ್ ಹಾಳಾಗುತ್ತದೆ. ಬಟ್ಟೆಗೆ ಹೊಡೆದುಕೊಂಡು ಒರೆಸಿ. ಬೆಂಚ್‌ನ ರೆಕ್ಸಿನ್‌ಗೆ ಆಲ್ಕೋಹಾಲ್ ಹೆಚ್ಚಿರುವ ದ್ರವ ದಿನವೂ ಬಿದ್ದರೆ ಅದು ಗಡಸಾಗಿ ಬಿರಿಯುತ್ತದೆ. ಬಿರುಕಿನೊಳಗೆ ಸೇರಿದ ಬೆವರನ್ನು ಆಮೇಲೆ ಯಾರೂ ತೆಗೆಯಲಾರರು. ಇನ್ನೊಂದು ಮಾತು: ಹೊಡೆದ ಕೂಡಲೇ ಒರೆಸಿಬಿಟ್ಟರೆ ಬೆವರು ಹೋಗುತ್ತದೆ, ಸೂಕ್ಷ್ಮಾಣು ಹೋಗುವುದಿಲ್ಲ. ಎಷ್ಟು ಹೊತ್ತು ಒದ್ದೆಯಾಗಿಯೇ ಇರಬೇಕೆಂದು ಬಾಟಲಿಯ ಮೇಲೆ ಬರೆದಿರುತ್ತದೆ, ಅಷ್ಟು ಹೊತ್ತು ಬಿಡಿ. ಗಜಕರ್ಣದಂಥ ಶಿಲೀಂಧ್ರದ ಸೋಂಕು, ಕುರು ಎಬ್ಬಿಸುವ ಬ್ಯಾಕ್ಟೀರಿಯಾ ಇವೆರಡೂ ಚರ್ಮ ತಾಗಿದ ಜಾಗದಿಂದ ಹರಡುವಂಥವು. ಅದಕ್ಕೇ ಟವೆಲ್ ಹಾಸಿಕೊಂಡು ಮಲಗುವುದು ನಿಮಗೂ ಕ್ಷೇಮ, ಮುಂದಿನವರಿಗೂ ಕ್ಷೇಮ. ತೆರೆದ ಗಾಯವಿದ್ದರೆ ಪಟ್ಟಿ ಕಟ್ಟಿಕೊಂಡೇ ಬನ್ನಿ.

ಪ್ರಶ್ನೆ: ಡಂಬಲ್ ರ‍್ಯಾಕ್‌ನ ಎದುರೇ ಕನ್ನಡಿ ಇದೆ. ಅಲ್ಲೇ ನಿಂತು ಮಾಡಿದರೆ ತಪ್ಪೇ?

ಉತ್ತರ: ತಪ್ಪು. ನೀವು ನಿಂತಷ್ಟು ಹೊತ್ತು ನಿಮ್ಮ ಹಿಂದಿನ ಡಂಬಲ್‌ಗಳೆಲ್ಲ ಬೇರೆಯವರಿಗೆ ಸಿಗುವುದಿಲ್ಲ. ಎತ್ತಿಕೊಂಡು ರ‍್ಯಾಕ್‌ನಿಂದ ಐದಾರು ಅಡಿ ದೂರ ಸರಿಯಿರಿ, ಕನ್ನಡಿ ಅಲ್ಲಿಂದಲೂ ಕಾಣುತ್ತದೆ. ಮುಗಿದ ಮೇಲೆ ಕೈಬಿಡದೆ ಬಾಗಿ ಇಳಿಸಿ, ಬೀಳಿಸಬೇಡಿ. ಎತ್ತಿ ಹಾಕಿದ ಡಂಬಲ್‌ನ ತಲೆ ನಿಧಾನಕ್ಕೆ ಸಡಿಲವಾಗುತ್ತದೆ, ಆಮೇಲೊಂದು ದಿನ ಅದು ಇನ್ಯಾರೋ ಮುಖದ ಮೇಲೆ ಹಿಡಿದಿರುವಾಗ ಕಳಚಬಹುದು. ಹಿಡಿಯ ಬಳಿ ತಲೆ ಅಲ್ಲಾಡುವುದು ಕಂಡರೆ ಅದನ್ನು ರ‍್ಯಾಕ್‌ಗೆ ಮರಳಿಸದೆ ಟ್ರೈನರ್ ಕೈಗೆ ಕೊಡಿ.

ಪ್ರಶ್ನೆ: ಯಾರೋ ಕಷ್ಟಪಟ್ಟು ಎತ್ತುತ್ತಿದ್ದರೆ ಓಡಿಹೋಗಿ ಬಾರ್ ಹಿಡಿಯಬೇಕೇ?

ಉತ್ತರ: ಬಾರ್ ಇನ್ನೂ ಮೇಲೇರುತ್ತಿದ್ದರೆ ಮುಟ್ಟಬೇಡಿ. ಆ ಕೊನೆಯ ರೆಪ್‌ಗಾಗಿಯೇ ಅವರು ಅಷ್ಟು ಶ್ರಮಪಟ್ಟಿರುತ್ತಾರೆ. ಬಾರ್ ನಿಂತುಬಿಟ್ಟರೆ, ಕೆಳಗಿಳಿಯತೊಡಗಿದರೆ, ಅಥವಾ ಅವರೇ ಕರೆದರೆ ತಕ್ಷಣ ಹೋಗಿ. ಬೆಂಚ್ ಪ್ರೆಸ್‌ನಲ್ಲಿ ತಲೆಯ ಕಡೆ ನಿಂತು, ಒಂದು ಅಂಗೈ ಮೇಲ್ಮುಖ, ಇನ್ನೊಂದು ಕೆಳಮುಖ ಮಾಡಿ ಬಾರ್ ಹಿಡಿದು ಕೊಕ್ಕೆಗೆ ಸೇರಿಸಿ. ನಿಮ್ಮನ್ನೇ ಯಾರಾದರೂ ಮೊದಲೇ ಸಹಾಯಕ್ಕೆ ಕರೆದಿದ್ದರೆ, "ಎಷ್ಟು ರೆಪ್ ಗುರಿ? ಯಾವಾಗ ಹಿಡಿಯಲಿ?" ಎಂಬ ಎರಡನ್ನೂ ಸೆಟ್ ಶುರುವಾಗುವ ಮುಂಚೆಯೇ ಕೇಳಿಕೊಳ್ಳಿ.