ರಂಧ್ರದೊಳಗೆ ಕೂತ ಕೈರಲ್ ಕ್ಯಾಟಲಿಸ್ಟ್ ಎಡ-ಬಲ ಹೇಗೆ ಆರಿಸುತ್ತದೆ?

ಕಾರವಾರದಲ್ಲಿ ಎಂ.ಎಸ್ಸಿ. ಓದುತ್ತಿರುವ ನೀವು ಕೇಳಿದ್ದು ಇದು: ಕೈರಲ್ ಕ್ಯಾಟಲಿಸ್ಟನ್ನು (ಕನ್ನಡಿಬಿಂಬದಂತಿರುವ ಎಡ-ಬಲ ರೂಪಗಳಲ್ಲಿ ಒಂದನ್ನೇ ಹೆಚ್ಚಾಗಿ ಉಂಟುಮಾಡುವ ವೇಗವರ್ಧಕ) ರಂಧ್ರಗಳಿರುವ ಸಿಲಿಕಾಕ್ಕೆ ಅಂಟಿಸಿದರೆ ಸೋಸಿ ಮತ್ತೆ ಬಳಸಬಹುದು, ಸರಿ, ಆದರೆ ಎಡ-ಬಲ ರೂಪಗಳ ಆಯ್ಕೆಯೂ ಸುಧಾರಿಸುತ್ತದೆ ಅಂತಾರಲ್ಲ, ಅದು ಯಾಕೆ?

ಎಲ್ಲ ಸಲವೂ ಸುಧಾರಿಸುವುದಿಲ್ಲ. ಅಂಟಿಸಿದ ಮೇಲೆ ಆಯ್ಕೆ ಕೆಟ್ಟ ಉದಾಹರಣೆಗಳೂ ಬೇಕಾದಷ್ಟಿವೆ. ರಂಧ್ರದ ಅಗಲ, ಕ್ಯಾಟಲಿಸ್ಟಿನ ಗಾತ್ರ, ಒಳಗೆ ಬರುವ ಅಣು, ಈ ಮೂರೂ ಒಂದಕ್ಕೊಂದು ಹೊಂದಬೇಕು.

ಒಂದು ಲೆಕ್ಕ ಹಾಕಿ ನೋಡಿ. ಕೋಣೆಯ ಉಷ್ಣತೆಯಲ್ಲಿ ಎರಡು ರೂಪಗಳು 90:10ರಂತೆ ಸಿಗಲು ಅವುಗಳತ್ತ ಹೋಗುವ ಕ್ರಿಯೆಯ ಎರಡು ದಾರಿಗಳ ನಡುವೆ ಮೋಲಿಗೆ ಸುಮಾರು 5.4 ಕಿಲೋಜೂಲ್ ಶಕ್ತಿಯ ಅಂತರ ಸಾಕು. 99:1 ಬೇಕಾದರೆ 11.4. ಒಂದು ಸಾಧಾರಣ ಹೈಡ್ರೋಜನ್ ಬಂಧವೇ ಇದಕ್ಕಿಂತ ಬಲವಾಗಿರಬಹುದು! ಹಾಗಾಗಿ ರಂಧ್ರದ ಗೋಡೆ ಒಂದು ದಾರಿಗೆ ಸ್ವಲ್ಪ ಅಡ್ಡ ಬಂದರೂ ಫಲಿತಾಂಶ ತುಂಬಾ ಬದಲಾಗುತ್ತದೆ. ದ್ರಾವಣದಲ್ಲಿ ಅಣು ಯಾವ ಕಡೆಯಿಂದಲಾದರೂ ಕ್ಯಾಟಲಿಸ್ಟಿನ ನಡುವಿನ ಲೋಹದ ಹತ್ತಿರ ಬರಬಹುದು. ಕಿರಿದಾದ ರಂಧ್ರದಲ್ಲಿ ಆ ಸ್ವಾತಂತ್ರ್ಯ ಇಲ್ಲ.

ಇದನ್ನು ಚೆಂದವಾಗಿ ತೋರಿಸಿದ್ದು ಕೇಂಬ್ರಿಜ್‌ನ ಜಾನ್ ಮ್ಯೂರಿಗ್ ಥಾಮಸ್, ಬ್ರಯನ್ ಜಾನ್ಸನ್, ರಾಬರ್ಟ್ ರಾಜಾ ಅವರ ತಂಡ, 2003ರ ಸುಮಾರಿಗೆ. ರೋಡಿಯಮ್, ಪಲ್ಲಾಡಿಯಮ್ ಸಂಕೀರ್ಣಗಳನ್ನು (ಲೋಹ ಮತ್ತು ಅದಕ್ಕೆ ಅಂಟಿಕೊಂಡ, ಲಿಗಂಡ್ ಎನ್ನುವ ಅಣುಗಳು ಸೇರಿದ ಕ್ಯಾಟಲಿಸ್ಟುಗಳನ್ನು) 3.8ರಿಂದ 25 ನ್ಯಾನೋಮೀಟರ್ ಅಗಲದ ರಂಧ್ರಗಳಲ್ಲಿ ಕೂರಿಸಿ ಮೀಥೈಲ್ ಬೆಂಜಾಯ್ಲ್‌ಫಾರ್ಮೇಟಿಗೆ ಹೈಡ್ರೋಜನ್ ಸೇರಿಸಿದರು. ರಂಧ್ರ ಕಿರಿದಾದಷ್ಟೂ ಆಯ್ಕೆ ಏರಿತು. ಅದೇ ಸಂಕೀರ್ಣ ರಂಧ್ರವಿಲ್ಲದ ಸಿಲಿಕಾದ ಉಬ್ಬು ಮೈ ಮೇಲಿದ್ದಾಗ ಆ ಲಾಭ ಸಿಗಲಿಲ್ಲ. ನನಗೆ ಅತ್ಯಂತ ಮನವರಿಕೆಯಾದದ್ದು ಈ ಹೋಲಿಕೆಯೇ.

ನಮ್ಮ ಶಿರಸಿ, ಸಿದ್ದಾಪುರ ಕಡೆ ಮಳೆಗಾಲದಲ್ಲಿ ಉಪ್ಪಾಗೆ ಎಂಬ ಹುಳಿ ಹಣ್ಣಿನ ಸಿಪ್ಪೆ ಒಣಗಿಸುವುದನ್ನು ನೀವೂ ಕಂಡಿರಬಹುದು. ಅದರ ಹೈಡ್ರಾಕ್ಸಿಸಿಟ್ರಿಕ್ ಆಮ್ಲಕ್ಕೆ ನಾಲ್ಕು ರೂಪಗಳು ಸಾಧ್ಯ, ಮರ ಮಾಡುವುದು ಮುಖ್ಯವಾಗಿ ಒಂದನ್ನೇ. ಕಿಣ್ವದ ಇಕ್ಕಟ್ಟಾದ ಕುಳಿಯ ಕೆಲಸ ಅದು. ಸಿಲಿಕಾದ ರಂಧ್ರ ಅಷ್ಟು ಕರಾರುವಾಕ್ಕಲ್ಲ, ಅದರ ಗೋಡೆಗೆ ಸ್ವತಃ ಎಡ-ಬಲ ಗೊತ್ತಿಲ್ಲ. ಕೈರಲ್ ಲಿಗಂಡ್ ತೋರುವ ಒಲವನ್ನು ಅದು ಹೆಚ್ಚಿಸುತ್ತದೆ, ಅಷ್ಟೆ.

ಪ್ರಾಜೆಕ್ಟಿಗೆ ಇದನ್ನೇ ತೆಗೆದುಕೊಳ್ಳುವುದಾದರೆ, ಸಂಕೀರ್ಣವನ್ನು ಕೂರಿಸುವ ಮೊದಲೇ ಡೈಫಿನೈಲ್ ಡೈಕ್ಲೋರೋಸಿಲೇನ್‌ನಿಂದ ಸಿಲಿಕಾದ ಹೊರಮೈಯನ್ನು ಮುಚ್ಚಿ, ಇಲ್ಲವಾದರೆ ಅರ್ಧ ಕ್ಯಾಟಲಿಸ್ಟ್ ಹೊರಗೇ ಅಂಟಿ ಲೆಕ್ಕ ಕೆಡಿಸುತ್ತದೆ. ಕ್ರಿಯೆ ನಡುವೆಯೇ ಬಿಸಿಯಾಗಿ ಸೋಸಿ, ಸೋಸಿದ ದ್ರವದಲ್ಲಿ ಕ್ರಿಯೆ ಮುಂದುವರಿಯುತ್ತದೆಯೇ ನೋಡಿ. ಮುಂದುವರಿದರೆ ಲೋಹ ಕಳಚಿ ದ್ರಾವಣಕ್ಕೆ ಬಂದಿದೆ, ನೀವು ಅಳೆದ ಆಯ್ಕೆಯನ್ನು ರಂಧ್ರದ ಖಾತೆಗೆ ಹಾಕುವಂತಿಲ್ಲ.