ಆಫೀಸಿನ ತೆತ್ ಹಬ್ಬದ ಫ್ಯಾಷನ್ ಶೋಗೆ ವಿಯೆಟ್ನಾಮಿನ ಉಡುಪು ಬಾಡಿಗೆಗೆ ಎಲ್ಲಿ ಸಿಗುತ್ತೆ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಊರು ಅಮೆರಿಕದ ಸ್ಯಾನ್ ಹೊಸೆ, ಹಬ್ಬ ವಿಯೆಟ್ನಾಮಿನವರ ಹೊಸ ವರ್ಷ, ಉಸ್ತುವಾರಿ ಕನ್ನಡದವರದ್ದು. ಎಂಟು ವರ್ಷದ ಹಿಂದೆ ಇದೇ ಕೆಲಸ ನನ್ನ ತಲೆಗೆ ಬಂದಿತ್ತು. ನಾನೂ ಮೊದಲು ಹುಡುಕಿದ್ದು ಬಾಡಿಗೆ ಅಂಗಡಿಯನ್ನೇ.

ತಡೆದವಳು ನನ್ನ ಪಕ್ಕದ ಸೀಟಿನ ಗೆಳತಿ. "ನಮ್ಮಮ್ಮ ಹೊಲಿಯುತ್ತಾರೆ, ಬಾ" ಅಂತ ಸ್ಟೋರಿ ರೋಡ್ ಹತ್ತಿರದ ಮನೆಗೆ ಕರೆದುಕೊಂಡು ಹೋದಳು. ಅವರನ್ನು ಬಾಕ್ ಅಂತ ಕರೆ ಅಂದಳು. ಅಪ್ಪ ಅಮ್ಮನಿಗಿಂತ ಹಿರಿಯರಿಗೆ ಹೇಳುವ ಮಾತು ಅದು, ನಮ್ಮ ದೊಡ್ಡಮ್ಮ ಇದ್ದ ಹಾಗೆ. ಪ್ಯಾಂಟಿನ ಮೇಲೆ ತೊಡುವ ಆ ಉದ್ದ ನಿಲುವಂಗಿಯ ಹೆಸರನ್ನು 'ಆವ್ ಯಾಯ್' ಅಂತ ಹೇಳಲು ಕಲಿಸಿದ್ದೂ ಅವರೇ. ಉತ್ತರದ ಹನೋಯ್ ಕಡೆ ಅದೇ 'ಆವ್ ಜಾಯ್' ಆಗುತ್ತದೆ.

ರವಿಕೆಗೆ ಅಳತೆ ಕೊಟ್ಟು ಅಭ್ಯಾಸವಿದ್ದ ನನಗೂ ಆ ಅಳತೆ ನೋಡಿ ಆಶ್ಚರ್ಯವಾಯಿತು. ಕತ್ತಿನ ಸುತ್ತ, ಕಾಲರಿನ ಎತ್ತರ, ಎದೆಯ ಮೇಲೆ, ಎದೆಯ ಕೆಳಗೆ, ಸೊಂಟ, ಮೊಣಕೈ. ಟೇಪು ಮೈಮೇಲೆ ಓಡಾಡುತ್ತಲೇ ಇತ್ತು. ತೋಳಿನ ಹೊಲಿಗೆ ಭುಜದ ಮೇಲೆ ಬರುವುದೇ ಇಲ್ಲ. ಕತ್ತಿನಿಂದ ಕಂಕುಳಿಗೆ ಓರೆಯಾಗಿ ಇಳಿಯುತ್ತದೆ, ಗುಂಡಿಗಳೂ ಆ ಓರೆಯಲ್ಲೇ ಕೂರುತ್ತವೆ. ಸೈಗಾನಿನ ದರ್ಜಿಗಳು ಈ ಕಟ್ ತಂದ ಮೇಲೆಯೇ ಕಂಕುಳಿನ ಸುಕ್ಕು ಹೋದದ್ದು. ಅಕ್ಕಪಕ್ಕದ ಸೀಳು ಪ್ಯಾಂಟಿನ ಸೊಂಟಪಟ್ಟಿಗಿಂತ ಚೂರು ಮೇಲೆ ಶುರುವಾಗುತ್ತದೆ. ಅದು ಒಂದಿಂಚು ಆಚೀಚೆ ಆದರೂ ಉಡುಪಿನ ಅಂದವೇ ಹೋಯಿತು. ಸ್ಮಾಲ್, ಮೀಡಿಯಂ, ಲಾರ್ಜ್ ಅಂತ ಆನ್‌ಲೈನಿನಲ್ಲಿ ತರಿಸಬೇಡಿ. ಅದು ಯಾರ ಮೈಗೂ ಕೂರುವುದಿಲ್ಲ.

ಬಾಕ್ ಒಂಬತ್ತು ಜನರಿಗೆ ಹೊಲಿದರು. ಬಟ್ಟೆಯ ದುಡ್ಡು ಮಾತ್ರ ತಗೊಂಡರು.

ಪೋಸ್ಟರ್ ನಾನು ಮಾಡಿದೆ. ವಿಯೆಟ್ನಾಮ್ ಬಾವುಟ ಅಂತ ಹುಡುಕಿದರೆ ಬಂದದ್ದು ಕೆಂಪು ಬಣ್ಣ, ನಡುವೆ ಹಳದಿ ನಕ್ಷತ್ರ. ಅದನ್ನೇ ದೊಡ್ಡದಾಗಿ ಮೇಲೆ ಹಾಕಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುತ್ತೀರಿ ಅಂತ ನನಗೆ ಭಯ. ಆ ದೇಶದ ಬಾವುಟ ಅದೇ, ಅದರಲ್ಲಿ ತಪ್ಪಿಲ್ಲ. ಆದರೆ ಬಾಕ್ ಮನೆಯ ಗೋಡೆ ಮೇಲೆ ಬೇರೆ ಬಾವುಟ ಇತ್ತು. ಹಳದಿ, ಅದರ ಮೇಲೆ ಅಡ್ಡಕ್ಕೆ ಮೂರು ಕೆಂಪು ಪಟ್ಟಿ. ಸ್ಟೋರಿ ರೋಡಿನಲ್ಲೂ ನೋಡಿದ್ದೆ. ನಮ್ಮ ಕನ್ನಡ ಬಾವುಟದ ಬಣ್ಣಗಳೇ ಅಲ್ವಾ ಅಂತ ಖುಷಿಪಟ್ಟು, ಹಬ್ಬದ ಅಲಂಕಾರ ಇರಬೇಕು ಅಂದುಕೊಂಡಿದ್ದೆ. ನಾಲ್ಕು ಸಲ ಆ ಮನೆಗೆ ಹೋಗಿದ್ದೆ. ನಾಲ್ಕು ಸಲವೂ ಅದರ ಕೆಳಗೇ ಕೂತು ಚಹಾ ಕುಡಿದಿದ್ದೆ. ಇದೇನು ಅಂತ ಒಂದು ಸಲವೂ ಬಾಯಿಬಿಟ್ಟು ಕೇಳಲಿಲ್ಲ.

ಅದು 1975ರ ತನಕ ದಕ್ಷಿಣ ವಿಯೆಟ್ನಾಮಿನ ಬಾವುಟ. ಆ ವರ್ಷ ಏಪ್ರಿಲ್ 30ಕ್ಕೆ ಅದರ ರಾಜಧಾನಿ ಸೈಗಾನ್, ನಕ್ಷತ್ರದ ಬಾವುಟದ ಉತ್ತರದವರ ಕೈಗೆ ಬಿತ್ತು. ಬಾಕ್ ಅವರ ಅಣ್ಣ ದಕ್ಷಿಣದ ಸೈನ್ಯದಲ್ಲಿದ್ದವರು. ಗೆದ್ದವರು ಅವರನ್ನು ಸೆರೆ ಶಿಬಿರಕ್ಕೆ ಹಾಕಿದರು, ಅವರು ವಾಪಸ್ ಬರಲಿಲ್ಲ. ಬಾಕ್ 1979ರಲ್ಲಿ ದೋಣಿಯಲ್ಲಿ ಹೊರಟು ಮಲೇಷ್ಯಾದ ಪುಲಾವ್ ಬಿಡಾಂಗ್ ನಿರಾಶ್ರಿತರ ಶಿಬಿರ ಸೇರಿ, ಅಲ್ಲಿಂದ ಇಲ್ಲಿಗೆ ಬಂದವರು. ಅಂಥವರಿಗೆ ನಕ್ಷತ್ರದ ಬಾವುಟ ಅಂದರೆ ಊರು ಬಿಡಿಸಿದವರ ಬಾವುಟ. 1999ರಲ್ಲಿ ಇಲ್ಲೇ ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರಿನ ಒಂದು ವಿಡಿಯೊ ಅಂಗಡಿಯವನು ಅದನ್ನು ಉತ್ತರದ ನಾಯಕ ಹೋ ಚಿ ಮಿನ್ ಚಿತ್ರದ ಜೊತೆ ತೂಗುಹಾಕಿದ್ದಕ್ಕೆ ಸಾವಿರಾರು ಜನ ಬೀದಿಗಿಳಿದಿದ್ದರು, ಐವತ್ತು ದಿನಕ್ಕೂ ಜಾಸ್ತಿ ಪ್ರತಿಭಟನೆ ನಡೆದಿತ್ತು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಆ ವಾರ ಗೆಳತಿ ರಜೆಯಲ್ಲಿದ್ದಳು. ಪೋಸ್ಟರಿನ ಒಂದು ಪ್ರತಿಯನ್ನು ಬಾಕ್‌ಗೆ ತೋರಿಸೋಣ ಅಂತ ನಾನೇ ಹೆಮ್ಮೆಯಿಂದ ತಗೊಂಡು ಹೋದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಕೂಗಾಡಲಿಲ್ಲ. ಇಸ್ತ್ರಿ ಮಾಡಿ ನೇತುಹಾಕಿದ್ದ ಒಂಬತ್ತು ಉಡುಪುಗಳನ್ನು ಒಂದೊಂದಾಗಿ ತೆಗೆದು ಒಳಗಿನ ಕೋಣೆಗೆ ಇಟ್ಟು ಬಾಗಿಲು ಹಾಕಿದರು. ಪೋಸ್ಟರನ್ನು ಮಡಿಸಿ ನನ್ನ ಕೈಗೇ ಕೊಟ್ಟರು. ಶೋ ನಡೆಯಲಿಲ್ಲ. ಗೆಳತಿ ಎರಡು ತಿಂಗಳು ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಾಗುತ್ತಿಲ್ಲ. ಉಡುಪು ಎಲ್ಲಿ ಸಿಗುತ್ತೆ ಅನ್ನೋದು ಆಮೇಲಿನ ಮಾತು. ಆಫೀಸಿನಲ್ಲಿ ವಿಯೆಟ್ನಾಮಿನವರು ಯಾರಿದ್ದಾರೆ, ಅವರ ಮನೆಯವರು ಯಾವಾಗ, ಹೇಗೆ ಬಂದರು ಅಂತ ಮೊದಲು ಕೂತು ಕೇಳಿ. ಈಚೆಗೆ ಓದಲು ಬಂದ ಹುಡುಗರಿಗೆ ನಕ್ಷತ್ರದ ಬಾವುಟವೇ ತಮ್ಮದು, ಅವರ ಮನಸ್ಸನ್ನೂ ನೋಯಿಸಬಾರದು. ಪೋಸ್ಟರಿಗೆ ಬಾವುಟವೇ ಬೇಡ. ದಕ್ಷಿಣದವರು ತೆತ್‌ಗೆ ಮನೆಯಲ್ಲಿಡುವ ಹಳದಿ ಮಾಯ್ ಹೂವು ಹಾಕಿ. ಇಲ್ಲವೇ ದೋಂಗ್ ಹೋ ಹಳ್ಳಿಯ ಮರದಚ್ಚಿನ ಚಿತ್ರ ಹಾಕಿ. ಚಿಪ್ಪಿನ ಪುಡಿ ಬಳಿದ ಕಾಗದದ ಮೇಲೆ ಅಚ್ಚೊತ್ತಿದ ತಾಯಿ ಹಂದಿ, ಸುತ್ತ ಮರಿಗಳು, ನೋಡಲು ಎಷ್ಟು ಚೆಂದ!

ಶೋ ಅಂತ ಸುಮ್ನೆ ಹಾಡು ಹಾಕಿ ನಡೆಸಬೇಡಿ. ಐದು ಬಟ್ಟೆಪಟ್ಟಿ ಜೋಡಿಸಿ ಹೊಲಿದ ಹಳೆಯ ಕಾಲದ ಆವ್ ಯಾಯ್‌ನಲ್ಲಿ ನಾಲ್ಕು ಪಟ್ಟಿ ತಮ್ಮ ಮತ್ತು ಸಂಗಾತಿಯ ಎರಡೂ ಕಡೆಯ ಅಪ್ಪ ಅಮ್ಮಂದಿರು, ಒಳಗಿನ ಐದನೆಯದು ಉಟ್ಟವರು ಅಂತಾರೆ. ಉಟ್ಟುಕೊಂಡು ಬಂದವರೇ ಅದನ್ನು ಹೇಳಲಿ.

ಏಪ್ರಿಲ್ 30ಕ್ಕೆ ಗೆಳತಿಯ ಜೊತೆ ಹೋಗಿ ಬಾಕ್ ಹತ್ತಿರ ಕ್ಷಮೆ ಕೇಳಿದೆ. ಅಣ್ಣನ ಫೋಟೊ ಮುಂದೆ ಊದುಬತ್ತಿ ಹಚ್ಚಲು ನನಗೂ ಒಂದು ಕೊಟ್ಟರು. ಹೊರಡುವಾಗ ನನ್ನ ಆವ್ ಯಾಯ್ ಒಂದನ್ನು ಒಳಗಿನಿಂದ ತಂದುಕೊಟ್ಟರು. ಉಳಿದ ಎಂಟರ ವಿಷಯ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಬಾಕ್ ಈಗ ಹೊಲಿಯುವುದಿಲ್ಲ. ಬೇರೆ ದರ್ಜಿಗಳಿದ್ದಾರೆ, ಆದರೆ ತೆತ್ ಹತ್ತಿರ ಬಂದರೆ ಅವರಿಗೆ ಪುರುಸೊತ್ತಿರುವುದಿಲ್ಲ. ನವೆಂಬರ್ ಒಳಗೆ ಅಳತೆ ಕೊಡಿ. ಹೋಗುವ ದಿನ ಮೆಸೇಜ್ ಮಾಡಿ, ಜೊತೆಗೆ ನಾನೂ ಬರುತ್ತೇನೆ.