ಗಾಯ ಸಣ್ಣದು, ವರದಿ ಬೇಡ ಎನ್ನಬಹುದೆ?

ಪ್ರಶ್ನೆ: ಗ್ರೈಂಡರ್ ತಗುಲಿ ಸಹೋದ್ಯೋಗಿಯೊಬ್ಬರ ಬೆರಳಿಗೆ ನಾಲ್ಕು ಹೊಲಿಗೆ ಬಿತ್ತು. ಮೂರನೇ ದಿನವೇ ಅವರನ್ನು ಕರೆಸಿ ಸ್ಟೋರ್‌ನಲ್ಲಿ ಕೂರಿಸಿದರು. "ಹಾಜರಾತಿ ಇದೆಯಲ್ಲ, ವರದಿ ಯಾಕೆ?" ಎನ್ನುತ್ತಾರೆ ಮ್ಯಾನೇಜರ್. ಇದು ಸರಿಯೇ?

ಉತ್ತರ: ಖಂಡಿತ ಸರಿಯಲ್ಲ. ಸಾವು, ಅಂಗ ಕಳೆದುಕೊಳ್ಳುವಂಥ ಗಾಯಗಳನ್ನು ಬಿಟ್ಟರೆ, ಹೆಚ್ಚಿನ ಕಾನೂನುಗಳು ನೋಡುವುದು ಗಾಯಾಳು ಎಷ್ಟು ಕಾಲ ಕೆಲಸ ಮಾಡಲಾಗಲಿಲ್ಲ ಎಂಬುದನ್ನು. ಈ ಗಡುವು ದೇಶದಿಂದ ದೇಶಕ್ಕೆ ಬೇರೆ. ಭಾರತದ ಕಾರ್ಖಾನೆಗಳಲ್ಲಿ 48 ಗಂಟೆ ಕೆಲಸ ತಪ್ಪಿದರೇ ಸರ್ಕಾರದ ಅಧಿಕಾರಿಗಳಿಗೆ ತಿಳಿಸಬೇಕು. ಬ್ರಿಟನ್ನಿನಲ್ಲಿ 7 ದಿನ ಮೀರಿದರೆ, ಅಪಘಾತವಾದ 15 ದಿನದೊಳಗೆ ವರದಿ ಹೋಗಬೇಕು. ಅಮೆರಿಕದಲ್ಲಿ ಸಾವಾದರೆ 8 ಗಂಟೆಯೊಳಗೆ ತಿಳಿಸಬೇಕು. ಬೆರಳು ತುಂಡಾದರೆ, ಕಣ್ಣು ಹೋದರೆ 24 ಗಂಟೆಯೊಳಗೆ.

ಎಡವುವುದು ಎಣಿಕೆಯಲ್ಲಿ. ಬ್ರಿಟನ್ನಿನ ಲೆಕ್ಕದಲ್ಲಿ ಅಪಘಾತದ ದಿನವನ್ನು ಬಿಡಬೇಕು, ನಡುವಿನ ವಾರದ ರಜೆಗಳನ್ನು ಸೇರಿಸಬೇಕು. ಅಲ್ಲಿ ನಿತ್ಯದ ಕೆಲಸ ಮಾಡಲಾಗದವರನ್ನು ಕುರ್ಚಿಯಲ್ಲಿ ಕೂರಿಸಿದ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಹಾಜರಾತಿ ಹಾಕಿಸಿದ ಮಾತ್ರಕ್ಕೆ ಬೆರಳು ವಾಸಿಯಾಗುವುದಿಲ್ಲ.

ಗಡುವು ಮುಟ್ಟದ ಗಾಯವನ್ನೂ ಅಂದೇ ರಿಜಿಸ್ಟರಿನಲ್ಲಿ ಬರೆಸಿ. "ಅಜಾಗರೂಕತೆಯಿಂದ ಕೈ ಜಾರಿತು" ಎಂಬ ಸಾಲು ಯಾರಿಗೂ ಉಪಯೋಗವಿಲ್ಲ. "ಚಕ್ರ ಬದಲಿಸಲು ಬಿಚ್ಚಿದ ಗಾರ್ಡನ್ನು ಮರಳಿ ಕೂರಿಸಿರಲಿಲ್ಲ, ಬಲಗೈಯ ತೋರುಬೆರಳು ಚಕ್ರದ ಅಂಚಿಗೆ ತಗುಲಿತು" ಎಂದು ಬರೆದರೆ ಮುಂದಿನ ಬೆರಳು ಉಳಿಯುತ್ತದೆ. ಗಂಟೆ, ಯಂತ್ರದ ನಂಬರು, ನೋಡಿದವರ ಹೆಸರು ಇರಲೇಬೇಕು.

ಪ್ರಶ್ನೆ: ಕಲ್ಲು ಕತ್ತರಿಸುವವರೊಬ್ಬರಿಗೆ ಸಿಲಿಕೋಸಿಸ್ (ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. "ದೂಳು ಕುಡಿದದ್ದು ಹಳೆಯ ಕೆಲಸದಲ್ಲಿ" ಎಂದು ಮಾಲೀಕರು ಕೈತೊಳೆದುಕೊಳ್ಳಬಹುದೆ?

ಉತ್ತರ: ಕಾಯಿಲೆಗೆ ಅಪಘಾತದಂತೆ ಒಂದು ದಿನಾಂಕ ಇರುವುದಿಲ್ಲ. ಸಿಲಿಕಾ ದೂಳು ಶ್ವಾಸಕೋಶದಲ್ಲಿ ಗುರುತು ಮೂಡಿಸಲು ಹತ್ತಾರು ವರ್ಷ ಹಿಡಿಯಬಹುದು. ಆದ್ದರಿಂದ ಸಾಮಾನ್ಯವಾಗಿ ರೋಗ ನಿರ್ಣಯದ ಚೀಟಿ ಕೈಸೇರಿದಾಗಿನಿಂದ ಮಾಲೀಕರ ಹೊಣೆ ಶುರುವಾಗುತ್ತದೆ. ಆ ಕಾರ್ಮಿಕರು ಈಗಲೂ ಕಲ್ಲನ್ನೇ ಕತ್ತರಿಸುತ್ತಿದ್ದಾರೆ ಎಂದಾದರೆ ಹಳೆಯ ಕೆಲಸದ ಮಾತು ವರದಿಗೆ ಅಡ್ಡಿಯಲ್ಲ; ಪರಿಹಾರ ಯಾರು ಕೊಡಬೇಕು ಎಂಬುದು ಬೇರೆಯೇ ಪ್ರಶ್ನೆ. ವೈದ್ಯರಿಗೆ ಈಗಿನ ಕೆಲಸದ ಜೊತೆಗೆ ಹಿಂದಿನ ಎಲ್ಲ ಕೆಲಸಗಳನ್ನೂ ವರ್ಷಸಮೇತ ಹೇಳಿಸಿ. ಈ ಪಟ್ಟಿ ಇಲ್ಲದೆ ಎಷ್ಟೋ ಮಂದಿಯ ಕಾಯಿಲೆ ಬರೀ ಕೆಮ್ಮಾಗಿ ಉಳಿದುಬಿಡುತ್ತದೆ. ರಜೆಯಲ್ಲಿ ಇಳಿದು ಕೆಲಸಕ್ಕೆ ಮರಳಿದೊಡನೆ ಏರುವ ಉಬ್ಬಸ, ಕಂಪಿಸುವ ಯಂತ್ರ ಹಿಡಿಯುವವರಲ್ಲಿ ಚಳಿಗೆ ಬೆಳ್ಳಗಾಗುವ ಬೆರಳ ತುದಿ, ಇವನ್ನೂ ವೈದ್ಯರಿಗೆ ತಿಳಿಸಬೇಕು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2002ರ ಪ್ರೋಟೊಕಾಲ್ ಒಪ್ಪಿದ ದೇಶಗಳಲ್ಲಿ, ಗಾಯ ಕಾಯಿಲೆ ತಿಳಿಸಿದ ಕಾರ್ಮಿಕರ ಮೇಲೆ ಸೇಡಿನ ಕ್ರಮ ಕೈಗೊಳ್ಳದಂತೆ ಮಾಲೀಕರಿಗೆ ಕಟ್ಟುಪಾಡು ಹಾಕಬೇಕು.

ಪ್ರಶ್ನೆ: ಕ್ರೇನ್ ಕುಸಿಯಿತು, ಯಾರಿಗೂ ಏನೂ ಆಗಲಿಲ್ಲ. ಆದರೂ ತಿಳಿಸಬೇಕೆ?

ಉತ್ತರ: ಹೌದು. ಕ್ರೇನ್ ಕುಸಿತ, ಬಾಯ್ಲರ್ ಸ್ಫೋಟದಂಥವನ್ನು ಗಾಯವಾಗದಿದ್ದರೂ ಅಪಾಯಕಾರಿ ಘಟನೆಗಳೆಂದೇ ಹಲವು ಕಾನೂನುಗಳು ಪರಿಗಣಿಸುತ್ತವೆ. ರಕ್ಷಣೆಗೆ ಬೇಕಾದಷ್ಟನ್ನು ಬಿಟ್ಟು ಅವಶೇಷ ಕದಲಿಸಬೇಡಿ. ತುಂಡಾದ ಹಗ್ಗದ ಎರಡೂ ತುದಿಗಳನ್ನು ಕಳೆದುಹೋಗದಂತೆ ಕಾಪಾಡಿ, ಎಲ್ಲಕ್ಕೂ ಮೊದಲು ಫೋಟೊ ತೆಗೆಯಿರಿ.